ಪಿಕಪ್ ಬದಲಿಸಿದ ಮೇಲೆ 2 ಮತ್ತು 4ನೇ ಪೊಸಿಷನ್‌ನಲ್ಲಿ ಧ್ವನಿ ತೆಳ್ಳಗಾದರೆ

ಸ್ಟ್ರಾಟೋಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್‌ಗೆ ಬೇರೆ ಕಂಪನಿಯ ಒಂದು ಪಿಕಪ್ (ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹಾಕಿದ್ದೀರಿ. ಒಂದೊಂದನ್ನೇ ನುಡಿಸಿದರೆ ಸರಿಯಾಗಿದೆ, ಪಿಕಪ್ ಆರಿಸುವ ಸ್ವಿಚ್, ಎರಡು ಪಿಕಪ್ ಒಟ್ಟಿಗೆ ನುಡಿಯುವ 2 ಅಥವಾ 4ಕ್ಕೆ ಬಂದ ಕೂಡಲೇ ಬಾಸ್ ಮಾಯವಾಗಿ ಮೂಗಿನಲ್ಲಿ ಹಾಡಿದಂತಾಗುತ್ತದೆ. ಸ್ವಿಚ್ ಬಿಸಾಡಬೇಡಿ, ಪಿಕಪ್‌ಗಳ ಫೇಸ್ ಎದುರುಬದುರಾಗಿದೆ (ಒಂದರ ಸಂಕೇತ ಏರುವಾಗ ಇನ್ನೊಂದರದು ಇಳಿಯುತ್ತಿದೆ), ಅಷ್ಟೇ.

ಬೆಸುಗೆಗೆ ಮೊದಲೇ ಪರೀಕ್ಷಿಸುವುದು ಒಳ್ಳೆಯದು. ಮಲ್ಟಿಮೀಟರನ್ನು 20ಕೆ ಓಮ್‌ಗೆ ಇಟ್ಟು ಕೆಂಪು ಪ್ರೋಬ್ ಪಿಕಪ್‌ನ ಹಾಟ್ (ಸಂಕೇತ ಒಯ್ಯುವ) ತಂತಿಗೆ, ಕಪ್ಪು ಗ್ರೌಂಡ್‌ಗೆ ಹಿಡಿಯಿರಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ ಸಾಮಾನ್ಯವಾಗಿ 5.5ರಿಂದ 7ಕೆ ಬರುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಈಗ ಸ್ಕ್ರೂಡ್ರೈವರ್‌ನ ಕಬ್ಬಿಣವನ್ನು ಪೋಲ್‌ಪೀಸ್‌ಗಳ (ಪಿಕಪ್ ಮೇಲೆ ಸಾಲಾಗಿ ಕಾಣುವ ಲೋಹದ ಗುಂಡಿಗಳ) ಮೇಲೆ ಮೆಲ್ಲಗೆ ಇಟ್ಟು, ಸರಕ್ಕನೆ ಮೇಲಕ್ಕೆಳೆಯಿರಿ. ಎಳೆದ ಕ್ಷಣ ಅಂಕಿ ಏರಿತೋ ಇಳಿಯಿತೋ ಬರೆದಿಡಿ. ಮೂರೂ ಪಿಕಪ್ ಒಂದೇ ದಿಕ್ಕಿಗೆ ಹೋಗಬೇಕು. ನಡುವಿನದು ರಿವರ್ಸ್ ವೂಂಡ್ ಆಗಿದ್ದರೂ ಹಾಗೇ, ಏಕೆಂದರೆ ಅದರಲ್ಲಿ ಸುತ್ತು, ಅಯಸ್ಕಾಂತ ಎರಡೂ ತಿರುಗಿರುತ್ತವೆ.

ಬೇರೆ ದಿಕ್ಕಿಗೆ ಹೋದ ಪಿಕಪ್‌ನ ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಟೆಲಿಕ್ಯಾಸ್ಟರ್ ಗಿಟಾರ್‌ನ ನೆಕ್ (ಕುತ್ತಿಗೆ ಬದಿಯ) ಪಿಕಪ್‌ನಲ್ಲಿ ಮಾತ್ರ ಹುಷಾರು: ಅದರ ಲೋಹದ ಕವರ್ ಸಾಮಾನ್ಯವಾಗಿ ಪಿಕಪ್‌ನ ಗ್ರೌಂಡ್ ತಂತಿಗೇ ಸೇರಿರುತ್ತದೆ. ಅವೆರಡನ್ನು ಸೇರಿಸುವ ತುಂಡು ತಂತಿ (ಜಂಪರ್) ಕತ್ತರಿಸಿ, ಕವರ್‌ಗೆ ಬೇರೆ ತಂತಿ ಬೆಸೆದು ವಾಲ್ಯೂಮ್ ಪಾಟ್‌ನ (ವಾಲ್ಯೂಮ್ ನಾಬ್‌ನ ಕೆಳಗಿನ ಭಾಗ) ಬೆನ್ನಿಗೆ ಕೊಡಿ. ಇಲ್ಲದಿದ್ದರೆ ಕವರ್ ಹಾಟ್ ತಂತಿಗೆ ಸೇರಿಬಿಟ್ಟು, ಬೆರಳು ತಗುಲಿದಾಗಲೆಲ್ಲ ಗುಂಯ್ ಎನ್ನುತ್ತದೆ.