ಮೋಡದ ನಾಡಿನ ಬಾಲ್ಕನಿಯಲ್ಲಿ ಸೋಲಾರ್: ಜರ್ಮನಿಯ ಬಾಡಿಗೆ ಮನೆಯಲ್ಲಿ ಹಾಕಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ವರ್ಷವಿಡೀ ಬೀಳುವ ಬಿಸಿಲನ್ನು ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 1,900 ಯೂನಿಟ್. ಜರ್ಮನಿಯಲ್ಲಿ ಅದು 1,000ದಿಂದ 1,200. ಆದರೂ 2025ರ ಆರಂಭಕ್ಕೇ ಆ ದೇಶದ ಸೋಲಾರ್ ಸಾಮರ್ಥ್ಯ ಒಂದು ಲಕ್ಷ ಮೆಗಾವ್ಯಾಟ್ ದಾಟಿತ್ತು. ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆಯ ಕನ್ನಡಿಗರು ಅಪಾರ್ಟ್‌ಮೆಂಟುಗಳ ರೇಲಿಂಗಿನಲ್ಲಿ ಕಪ್ಪು ಪ್ಯಾನೆಲ್‌ಗಳು ತೂಗುವುದನ್ನು ದಿನವೂ ನೋಡುತ್ತಾರೆ. ಅಲ್ಲಿ ಅದರ ಹೆಸರು ಬಾಲ್ಕೋನ್‌ಕ್ರಾಫ್ಟ್‌ವೆರ್ಕ್, ಅಂದರೆ ಬಾಲ್ಕನಿಯ ವಿದ್ಯುತ್ ಸ್ಥಾವರ. ಹೆಸರು ದೊಡ್ಡದು, ಸಾಮಾನು ಚಿಕ್ಕದು: ಎರಡು ಪ್ಯಾನೆಲ್, ಅವುಗಳ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಒಂದು ಇನ್ವರ್ಟರ್, ಕೊಕ್ಕೆಗಳು, ಗೋಡೆಯ ಸಾಕೆಟ್ಟಿನ ಮೂಲಕ ಆ ಕರೆಂಟನ್ನು ಮನೆಯ ಲೈನಿಗೆ ಸೇರಿಸುವ ಒಂದು ವೈರು.

ಮೊದಲು ಮೋಡದ ಮಾತು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಶಾಖವಲ್ಲ. ಶುಭ್ರ ಮಧ್ಯಾಹ್ನದಲ್ಲಿ ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಸಿಕ್ಕರೆ, ದಟ್ಟ ಮೋಡದ ದಿನ 100ರಿಂದ 250 ವ್ಯಾಟ್ ಸಿಗುತ್ತದೆ. ಉತ್ಪಾದನೆ ಕುಸಿಯುತ್ತದೆ, ನಿಲ್ಲುವುದಿಲ್ಲ. ಜರ್ಮನಿಯ ವರ್ಷದ ಬೆಳಕಿನಲ್ಲಿ ಸುಮಾರು ಅರ್ಧ ಹೀಗೆ ಮೋಡದಲ್ಲಿ ಚದುರಿ ಬರುವಂಥದ್ದೇ. ಚಳಿ ಇಲ್ಲಿ ಲಾಭದ ಬಾಬತ್ತು: ಪ್ಯಾನೆಲ್‌ನ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ತಣ್ಣನೆ ಗಾಳಿ, ಹೊಳೆಯುವ ಬಿಸಿಲು ಕೂಡಿದ ಏಪ್ರಿಲ್–ಮೇ ತಿಂಗಳುಗಳು ಆದ್ದರಿಂದಲೇ ಅಷ್ಟು ಚೆನ್ನಾಗಿ ಕೊಡುತ್ತವೆ. ನಿಜವಾದ ತೊಡಕು ಚಳಿಗಾಲದ ಗಿಡ್ಡ ಹಗಲು. ನವೆಂಬರ್, ಡಿಸೆಂಬರ್, ಜನವರಿ ಮೂರೂ ಸೇರಿ ವರ್ಷದ ಸಣ್ಣ ಪಾಲನ್ನಷ್ಟೇ ಕೊಡುತ್ತವೆ.

ಮೊದಲ ಹೆಜ್ಜೆ: ನೆರಳು ಅಳೆಯಿರಿ

ಮೋಡಕ್ಕಿಂತ ಹೆಚ್ಚು ಕರೆಂಟು ತಿನ್ನುವುದು ನೆರಳು. ಪ್ಯಾನೆಲ್‌ನ ಕೋಶಗಳು ಸರಪಳಿಯಂತೆ ಜೋಡಣೆಯಾಗಿರುತ್ತವೆ, ಆ ಸರಪಳಿ ಸಾಮಾನ್ಯವಾಗಿ ಮೂರು ಭಾಗ. ಒಂದೇ ಒಂದು ಕೋಶದ ಮೇಲೆ ಕಂಬದ ನೆರಳು ಬಿದ್ದರೂ ಆ ಭಾಗವೇ ಸುಮ್ಮನಾಗಬಹುದು. ರೇಲಿಂಗಿನ ಹೊರಗೆ ತೂಗುಹಾಕಿದ ಪ್ಯಾನೆಲ್‌ಗೆ ಈ ಕಾಟ ಕಡಿಮೆ. ಜಾಗ ಉಳಿಯಲೆಂದು ಬಾಲ್ಕನಿಯ ಒಳಗೆ ಒರಗಿಸಿಟ್ಟರೆ ರೇಲಿಂಗಿನ ಸರಳುಗಳ ನೆರಳೂ ಮೇಲಿನ ಮನೆಯ ಬಾಲ್ಕನಿಯ ನೆರಳೂ ಅದರ ಮೇಲೆಯೇ.

ಎದುರುಮನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಿಸೆಂಬರ್ 21ರ ನಡುಹಗಲಲ್ಲಿ ಫ್ರಾಂಕ್‌ಫರ್ಟಿನ ಸೂರ್ಯ ದಿಗಂತದಿಂದ ಹದಿನಾರೂವರೆ ಡಿಗ್ರಿಯಷ್ಟೇ ಮೇಲಿರುತ್ತಾನೆ. ನಿಮ್ಮ ಪ್ಯಾನೆಲ್‌ಗಿಂತ 12 ಮೀಟರ್ ಎತ್ತರದ ಕಟ್ಟಡ ದಕ್ಷಿಣಕ್ಕಿದ್ದರೆ ಅದರ ನೆರಳು ಅಂದು 40 ಮೀಟರ್ ಚಾಚುತ್ತದೆ. ಅದಕ್ಕೆ ಎದೆಗುಂದಬೇಕಿಲ್ಲ, ಚಳಿಗಾಲದ ಪಾಲೇ ಸಣ್ಣದು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಬಿಸಿಲಿದ್ದರೆ ಮುಂದುವರಿಯಿರಿ.

ಅಂದಾಜಿಗೆ ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಎಂಬ ಉಚಿತ ಜಾಲತಾಣವಿದೆ. ಊರು ಆರಿಸಿ, ಇಳಿಜಾರಿನ ಕಡೆ 90 (ಅಂದರೆ ನೆಟ್ಟಗೆ) ಎಂದು ಕೊಡಿ, ದಿಕ್ಕಿಗೆ ದಕ್ಷಿಣವಾದರೆ 0, ಪೂರ್ವವಾದರೆ ಮೈನಸ್ 90, ಪಶ್ಚಿಮವಾದರೆ 90. ದಕ್ಷಿಣಕ್ಕೆ 180 ಎಂದು ದಿಕ್ಸೂಚಿಯ ಲೆಕ್ಕ ಬರೆದವರಿಗೆ ಉತ್ತರದ ಗೋಡೆಯ ಅಂಕಿ ಸಿಗುತ್ತದೆ, ಎಚ್ಚರ.

ನೆರಳಿಲ್ಲದ ದಕ್ಷಿಣದ ರೇಲಿಂಗಿನಲ್ಲಿ 440 ವ್ಯಾಟಿನ ಎರಡು ಪ್ಯಾನೆಲ್‌ಗಳನ್ನು ನೆಟ್ಟಗೆ ತೂಗಿದರೆ ವರ್ಷಕ್ಕೆ 550–600 ಯೂನಿಟ್ ನಿರೀಕ್ಷಿಸಬಹುದು. ಪೂರ್ವ ಅಥವಾ ಪಶ್ಚಿಮವಾದರೆ 400–450. ಕೆಳತುದಿಯನ್ನು 20 ಡಿಗ್ರಿಯಷ್ಟು ಹೊರಗೆ ಚಾಚಿದರೆ ಇನ್ನಷ್ಟು ಬರುತ್ತದೆ, ಆದರೆ ಗಾಳಿ ಎತ್ತಿ ಹಿಡಿಯುವುದೂ ಆಗಲೇ. ಮೂರನೇ ಮಹಡಿಯ ಮೇಲಿದ್ದರೆ ನೆಟ್ಟಗೆ ಇರುವುದೇ ಲೇಸು.

ಕಾಗದಪತ್ರ

2024ರ ಮೇ ತಿಂಗಳಿಂದ ನಿಯಮ ಸರಳವಾಗಿದೆ: ಪ್ಯಾನೆಲ್‌ಗಳ ಒಟ್ಟು ಶಕ್ತಿ 2,000 ವ್ಯಾಟ್, ಇನ್ವರ್ಟರ್ 800 ವ್ಯಾಟ್ ಮೀರಬಾರದು. ಹಾಕಿದ ಒಂದು ತಿಂಗಳೊಳಗೆ ವಿದ್ಯುತ್ ಜಾಲಗಳ ಮೇಲ್ವಿಚಾರಣೆಯ ಸರ್ಕಾರಿ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಆನ್‌ಲೈನ್ ದಾಖಲೆಯಾದ ಮಾರ್ಕ್ಟ್‌ಷ್ಟಾಮ್‌ಡಾಟೆನ್‌ರೆಗಿಸ್ಟರ್‌ನಲ್ಲಿ ನೋಂದಾಯಿಸಬೇಕು. ವಿದ್ಯುತ್ ಜಾಲದ ಕಂಪನಿಗೆ ಬೇರೆ ಅರ್ಜಿ ಬೇಡ. ಮೀಟರ್ ಸಂಖ್ಯೆ, ಪ್ಯಾನೆಲ್ ಮತ್ತು ಇನ್ವರ್ಟರ್‌ಗಳ ವ್ಯಾಟ್, ಆರಂಭದ ದಿನಾಂಕ ಕೈಯಲ್ಲಿರಲಿ. ಹಳೆಯ ಚಕ್ರದ ಮೀಟರ್ ಹಿಂದಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಬದಲಾಯಿಸುವವರೆಗೆ ಅದಕ್ಕೆ ವಿನಾಯಿತಿಯಿದೆ.

ಬಾಡಿಗೆದಾರರು ಮನೆ ಮಾಲೀಕರ ಒಪ್ಪಿಗೆ ಕೇಳಲೇಬೇಕು. 2024ರ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ತಕ್ಕ ಕಾರಣವಿಲ್ಲದೆ ಅವರು ತಳ್ಳಿಹಾಕುವಂತಿಲ್ಲ, ಹೇಗೆ ಬಿಗಿಯಬೇಕು ಎನ್ನುವುದರಲ್ಲಿ ಮಾತ್ರ ಅವರ ಮಾತು ನಡೆಯುತ್ತದೆ. ಗೋಡೆ ಕೊರೆಯುವುದಿಲ್ಲ, ಕೊಕ್ಕೆ ಇಂಥದ್ದು ಎಂದು ಚಿತ್ರ ಸಹಿತ ಬರೆದು ಕೇಳಿ.

ಜೋಡಣೆ

ಕೊಳ್ಳುವ ಮುಂಚೆ ಒಂದು ಅಂಕಿ ತಾಳೆ ನೋಡಿ. ಚಳಿಯಲ್ಲಿ ಪ್ಯಾನೆಲ್‌ನ ವೋಲ್ಟೇಜ್ ಏರುತ್ತದೆ. ಪ್ಯಾನೆಲ್‌ನ ವಿವರಪಟ್ಟಿಯಲ್ಲಿ ಹೊರೆಯಿಲ್ಲದಾಗ, ಅಂದರೆ ಯಾವುದಕ್ಕೂ ಜೋಡಿಸದಾಗ, 49 ವೋಲ್ಟ್ (Voc) ಎಂದು ಬರೆದಿದ್ದರೆ, ಮೈನಸ್ 10 ಡಿಗ್ರಿಯಲ್ಲಿ ಅದು 53ರ ಹತ್ತಿರ ಬರುತ್ತದೆ. ಇನ್ವರ್ಟರ್‌ನ ಮಿತಿ 60 ವೋಲ್ಟ್ ಆದರೆ ಸರಿ, 50 ಆದರೆ ಮೊದಲ ಹಿಮದ ಬೆಳಗ್ಗೆಯೇ ಸುಟ್ಟೀತು. ಎರಡು ಪ್ಯಾನೆಲ್‌ಗೂ ಬೇರೆಬೇರೆ ಪ್ರವೇಶವಿರುವ ಇನ್ವರ್ಟರ್ ಆರಿಸಿದರೆ ಒಂದರ ನೆರಳು ಇನ್ನೊಂದನ್ನು ಎಳೆಯುವುದಿಲ್ಲ.

ಪ್ಯಾನೆಲ್ ಒಂದಕ್ಕೆ 20ರಿಂದ 25 ಕಿಲೊ ತೂಕ, ಉದ್ದ 1.75 ಮೀಟರಿನಷ್ಟು. ಇಬ್ಬರು ಬೇಕು. ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆಗಳಿಂದ ನಾಲ್ಕು ಕಡೆ ಬಿಗಿಯಿರಿ. ಮೇಲೆರಡು ಕೊಕ್ಕೆ ಹಾಕಿ ಕೆಳಗೆ ಬಿಟ್ಟರೆ ಗಾಳಿಗೆ ಬಡಿದು ಬೋಲ್ಟು ಸಡಿಲವಾಗುತ್ತದೆ. ಕೊಕ್ಕೆ ಕೈಕೊಟ್ಟರೂ ಕೆಳಗೆ ಹೋಗುವವರ ತಲೆ ಉಳಿಯಲೆಂದು ಪ್ರತ್ಯೇಕ ಸ್ಟೀಲ್ ಹಗ್ಗವನ್ನೂ ಕಟ್ಟಿ. ಇನ್ವರ್ಟರನ್ನು ಪ್ಯಾನೆಲ್‌ನ ಹಿಂದೆ, ಗಾಳಿಯಾಡುವ ಹಾಗೆ, ಮಳೆನೀರು ನಿಲ್ಲದ ಕಡೆ ಕೂರಿಸಿ.

ಮೊದಲು ಪ್ಯಾನೆಲ್‌ನ ವೈರುಗಳನ್ನು ಇನ್ವರ್ಟರಿಗೆ ಕ್ಲಿಕ್ ಎನ್ನುವವರೆಗೆ ಒತ್ತಿ. ಪ್ಲಗ್ ಗೋಡೆಗೆ ಹೋಗುವುದು ಕಟ್ಟಕಡೆಗೆ. ಬಿಚ್ಚುವಾಗ ತಿರುವುಮುರುವು: ಮೊದಲು ಪ್ಲಗ್. ಕರೆಂಟು ಹರಿಯುತ್ತಿರುವಾಗ ಪ್ಯಾನೆಲ್ ಕನೆಕ್ಟರ್ ಎಳೆದರೆ ಕಿಡಿ ಹಾರಿ ಸುಡುತ್ತದೆ. ಪ್ಲಗ್ ಗೋಡೆಯ ಸಾಕೆಟ್ಟಿಗೇ ಹೋಗಲಿ, ಹೀಟರು, ಫ್ಯಾನು ಚುಚ್ಚಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಹಳೆ ಕಟ್ಟಡದಲ್ಲಿ ತಿರುಪಿನ ಫ್ಯೂಸ್ ಇದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪ್ಲಗ್ ಹಾಕಿದೊಡನೆ ಏನೂ ಬರದಿದ್ದರೆ ಒಂದೆರಡು ನಿಮಿಷ ಕಾಯಿರಿ, ಇನ್ವರ್ಟರ್ ಲೈನನ್ನು ಪರೀಕ್ಷಿಸುತ್ತಿರುತ್ತದೆ.

ಇದು ನಮ್ಮೂರಿನ ಬ್ಯಾಟರಿ ಇನ್ವರ್ಟರ್ ಅಲ್ಲ. ಲೈನಿನಲ್ಲಿ ಕರೆಂಟು ಹೋದರೆ ಕಣ್ಣುಮಿಟುಕುವಷ್ಟರಲ್ಲಿ ಇದೂ ನಿಲ್ಲುತ್ತದೆ. ನಿಲ್ಲಲೇಬೇಕು: ಎಳೆದ ಪ್ಲಗ್ಗಿನ ಪಿನ್ನು ಮುಟ್ಟಿದವರಿಗೆ ಶಾಕ್ ಹೊಡೆಯದಿರುವುದು ಅದರಿಂದಲೇ.

ದುಡ್ಡು ಉಳಿಯುವುದು ಮಧ್ಯಾಹ್ನದಲ್ಲಿ

ಬಳಸದ ಕರೆಂಟು ಜಾಲಕ್ಕೆ ಬಿಟ್ಟಿಯಾಗಿ ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ಫ್ರಿಜ್, ವೈಫೈಗಳ ನಿರಂತರ ಬಳಕೆ ಎಷ್ಟೆಂದು ತಿಳಿಯಲು ರಾತ್ರಿ ಮಲಗುವಾಗ ಮೀಟರ್ ಓದಿ, ಬೆಳಿಗ್ಗೆ ಓದಿ, ನಡುವಿನ ಗಂಟೆಗಳಿಂದ ಭಾಗಿಸಿ. ಬಹುತೇಕ ಮನೆಗಳಲ್ಲಿ 100–200 ವ್ಯಾಟ್ ಬರುತ್ತದೆ. ಮಿಕ್ಕದ್ದನ್ನು ಹಗಲಿಗೆ ತರುವುದು ನಿಮ್ಮ ಕೈಯಲ್ಲಿದೆ. ಇಡ್ಲಿ ಹಿಟ್ಟು ರುಬ್ಬುವ ಟೇಬಲ್‌ಟಾಪ್ ಗ್ರೈಂಡರ್ 150–200 ವ್ಯಾಟಿನಲ್ಲಿ ಅರ್ಧ ಗಂಟೆ ತಿರುಗುತ್ತದೆ, ಬಾಲ್ಕನಿ ಸೋಲಾರಿಗೆ ಹೇಳಿ ಮಾಡಿಸಿದ ಜೋಡಿ. ಅದೇ ಇಡ್ಲಿ ಬೇಯಿಸುವ 2,000 ವ್ಯಾಟಿನ ಒಲೆಗೆ ಅರ್ಧಕ್ಕಿಂತ ಹೆಚ್ಚು ಲೈನಿನಿಂದಲೇ ಬರಬೇಕು. ವಾಷಿಂಗ್ ಮಷೀನನ್ನು ಕಡಿಮೆ ಬಿಸಿಗೆ ಇಟ್ಟು ಹನ್ನೊಂದು ಗಂಟೆಗೆ ಟೈಮರ್ ಕೊಡಿ.

600 ಯೂನಿಟ್‌ನಲ್ಲಿ 360 ಮನೆಯಲ್ಲೇ ಬಳಕೆಯಾದರೆ, ಯೂನಿಟ್ಟಿಗೆ 35 ಸೆಂಟ್‌ನಂತೆ ವರ್ಷಕ್ಕೆ 126 ಯೂರೊ. ಕೊಕ್ಕೆ ಸೇರಿ 450 ಯೂರೊ ಕೊಟ್ಟಿದ್ದರೆ ನಾಲ್ಕನೇ ವರ್ಷದೊಳಗೆ ಅಸಲು. 2023ರಿಂದ ಇದಕ್ಕೆ ಮೌಲ್ಯವರ್ಧಿತ ತೆರಿಗೆಯೂ ಸೊನ್ನೆ. ಬ್ಯಾಟರಿ ಸೇರಿಸಿದರೆ ಅಸಲು ಹುಟ್ಟಲು ಇನ್ನೂ ಹೆಚ್ಚು ವರ್ಷ ಹಿಡಿಯುತ್ತದೆ. ಮೊದಲ ವರ್ಷ ಬ್ಯಾಟರಿಯಿಲ್ಲದೆ ಕಳೆದು, ಎಷ್ಟು ಹೊರಗೆ ಹೋಯಿತೆಂದು ನೋಡಿ ತೀರ್ಮಾನಿಸಿ.

ನೆಟ್ಟಗಿರುವ ಪ್ಯಾನೆಲ್ ಮೇಲೆ ಹಿಮ ನಿಲ್ಲುವುದಿಲ್ಲ, ಧೂಳನ್ನು ಮಳೆಯೇ ತೊಳೆಯುತ್ತದೆ. ಶರತ್ಕಾಲದ ಬಿರುಗಾಳಿಗೆ ಮುನ್ನ ವರ್ಷಕ್ಕೊಮ್ಮೆ ಬೋಲ್ಟುಗಳನ್ನು ಬಿಗಿಮಾಡಿ. ಮನೆ ಬದಲಿಸುವಾಗ ಪ್ಯಾನೆಲ್ ಬಿಚ್ಚಿ ಜೊತೆಗೆ ಒಯ್ಯಿರಿ, ನೋಂದಣಿಯಲ್ಲೂ ವಿಳಾಸ ತಿದ್ದಿಸಿ.