ಗಾಳಿ ನೋಡಿ ಮನೆ ಮಾಡಿ: ವಿಂಡ್‌ಸರ್ಫಿಂಗ್‌ಗಾಗಿ ಊರು ಬದಲಿಸುವವರಿಗೆ

ಪುಣೆಯಲ್ಲೋ ಮುಂಬೈಯಲ್ಲೋ ಕೆಲಸ ಮಾಡಿಕೊಂಡು, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವ ವಿಂಡ್‌ಸರ್ಫಿಂಗ್ ಹುಚ್ಚು ಹತ್ತಿಸಿಕೊಂಡು, ಊರನ್ನೇ ಬದಲಿಸೋಣ ಅಂತ ಯೋಚಿಸುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯವನು. ಪುಣೆಯಲ್ಲಿ ಆರು ವರ್ಷ ಇದ್ದೆ. ಈಗ ಪಣಜಿ ಪಕ್ಕದ ಕರಂಜಾಳೆಯಲ್ಲಿದ್ದೇನೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಒಂದೇ ಒಂದು ಲೆಕ್ಕ ಮಾಡಿ: ಗಾಳಿ ಬೀಸುವ ಹೊತ್ತಿಗೆ ನೀವು ಎಲ್ಲಿರುತ್ತೀರಿ?

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ನಮಗೆ ಸಿಗುವುದು ಹೆಚ್ಚಾಗಿ ಕಡಲ ಗಾಳಿಯೇ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಇದಕ್ಕೊಂದು ದಿನಚರಿ ಇದೆ. ಬೆಳಗ್ಗೆ ಪೂರ್ವದಿಂದ ನೆಲಗಾಳಿ. ಹತ್ತು, ಹನ್ನೊಂದರ ಹೊತ್ತಿಗೆ ಅದು ನಿಂತು ನೀರು ಎಣ್ಣೆ ಸುರಿದ ಹಾಗೆ ನುಣ್ಣಗಾಗುತ್ತದೆ. ಆಮೇಲೆ ದೂರದಲ್ಲಿ ನೀರಿನ ಬಣ್ಣ ಕಪ್ಪಾಗಿ ಒಂದು ಗೆರೆ ಕಾಣುತ್ತದೆ, ಅದು ದಡದ ಕಡೆ ಸರಿಯುತ್ತಾ ಬರುತ್ತದೆ, ತೆಂಗಿನ ಗರಿ ಒಂದೇ ಕಡೆ ತಿರುಗುತ್ತದೆ, ಅಷ್ಟರಲ್ಲಿ ಸೇಲ್, ಅಂದರೆ ಹಾಯಿ, ಕಟ್ಟಿ ಮುಗಿಸಿರಬೇಕು. ಜೋರು ಎರಡರಿಂದ ಐದರವರೆಗೆ. ಸೂರ್ಯ ಇಳಿದರೆ ಗಾಳಿಯೂ ಇಳಿಯುತ್ತದೆ. ಅಂದರೆ ಹತ್ತರಿಂದ ಏಳರ ಆಫೀಸಿನವರಿಗೆ ಸಮುದ್ರದ ಎದುರಿಗೇ ಮನೆ ಇದ್ದರೂ ಪ್ರಯೋಜನ ಕಡಿಮೆ. ನಾನು ಬೆಳಗ್ಗೆ ಆರಕ್ಕೆ ಲಾಗಿನ್ ಆಗುವ ಪಾಳಿ ಕೇಳಿ ಪಡೆದ ಮೇಲೇ ಮನೆ ಹುಡುಕಿದೆ. ನೀವೂ ಅದೇ ಕ್ರಮದಲ್ಲಿ ಮಾಡಿ.

ವೇಗದ ವಿಷಯ. ಕಲಿಯುವವರಿಗೆ 6ರಿಂದ 10 ನಾಟ್ ಸಾಕು. ಬೋರ್ಡ್ ನೀರಿನ ಮೇಲೆದ್ದು ಓಡಬೇಕು ಅಂದರೆ, ಅದನ್ನೇ ಪ್ಲೇನಿಂಗ್ ಅನ್ನುವುದು, 12 ನಾಟ್ ಬೇಕು, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಎಪ್ಪತ್ತು ಕೆಜಿ ತೂಕದವರಿಗೆ ಅಷ್ಟು ಗಾಳಿಯಲ್ಲಿ 7.5 ಚದರ ಮೀಟರ್ ಸೇಲ್ ಬೇಕು, 18-20 ನಾಟ್ ಬಂದರೆ 5.5 ಸಾಕು. ಬೇಸಿಗೆಯಲ್ಲೂ ಗೋವಾದಲ್ಲಿ ದಿನಾ ಇಪ್ಪತ್ತು ಬೀಸುವುದಿಲ್ಲ, ಹಾಗಾಗಿ ದೊಡ್ಡ ಸೇಲ್ ಇಲ್ಲದೆ ಬರಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಸ್ಪರ್ಧೆಯಲ್ಲೂ ಫಾಯಿಲ್ ಬೋರ್ಡ್, ಅಂದರೆ ನೀರಿನೊಳಗೆ ರೆಕ್ಕೆ ಇರುವ ಬೋರ್ಡ್, ಬಂದಿದೆ, ಅದು ಎಂಟು-ಹತ್ತು ನಾಟ್‌ಗೇ ಏಳುತ್ತದೆ. ಆದರೆ ಕೆಳಗೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಕಂಬ ಇರುತ್ತದಲ್ವಾ, ನದಿ ಬಾಯಿಯ ಮರಳು ದಿಬ್ಬಕ್ಕೆ ಬಡಿದರೆ ನೀವು ಮುಂದೆ, ಬೋರ್ಡ್ ಹಿಂದೆ.

ಗಾಳಿಯ ಮುನ್ಸೂಚನೆ ಕೊಡುವ ವಿಂಡಿ, ವಿಂಡ್‌ಗುರು ನೋಡಿ, ಆದರೆ ಅದನ್ನೇ ನಂಬಿ ಊರು ಆರಿಸಬೇಡಿ. ಅವು ಬಳಸುವ ದೊಡ್ಡ ಹವಾಮಾನ ಮಾಡೆಲ್‌ಗಳು ಕಡಲ ಗಾಳಿಯನ್ನು ಎಷ್ಟೋ ಸಲ ಕಡಿಮೆ ತೋರಿಸುತ್ತವೆ. ಮಧ್ಯಾಹ್ನ ಮೂರಕ್ಕೆ ದಡದಲ್ಲಿ ನಿಂತು ನೋಡಿ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಏಳುತ್ತಿದ್ದರೆ ಹತ್ತು ನಾಟ್ ಹತ್ತಿರ ಇದೆ. ಎಲ್ಲ ಕಡೆ ಬೆಳ್ಳಗಾಗಿದ್ದರೆ ಸೇಲ್ ಚಿಕ್ಕದು ಮಾಡಿ. ದಿಕ್ಕು ಇನ್ನೂ ಮುಖ್ಯ. ಗಾಳಿ ದಡಕ್ಕೆ ಅಡ್ಡವಾಗಿ ಅಥವಾ ಓರೆಯಾಗಿ ದಡದ ಕಡೆಗೇ ಬೀಸಬೇಕು. ದಡದಿಂದ ಸಮುದ್ರಕ್ಕೆ ಬೀಸುವ ಗಾಳಿಯಲ್ಲಿ ನೀರು ಶಾಂತವಾಗಿ, ಚೆಂದವಾಗಿ ಕಾಣುತ್ತದೆ, ಆದರೆ ವಾಪಸ್ ಬರಲಾಗದೆ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಮುಂಬೈ ಬಿಡಲಾಗದವರು ಗಿರಗಾಂವ್ ಚೌಪಾಟಿ ನೋಡುತ್ತಾರೆ. ನಾನು ಅದನ್ನು ಸೂಚಿಸುವುದಿಲ್ಲ. ವಾಯವ್ಯದ ಗಾಳಿ ಮಲಬಾರ್ ಹಿಲ್ ದಾಟಿ ಬರುವಾಗ ಮುರಿದುಹೋಗುತ್ತದೆ, ಒಂದು ಕ್ಷಣ ಎಳೆದರೆ ಮರುಕ್ಷಣ ಏನೂ ಇಲ್ಲ. ಉಬ್ಬರ ಇಳಿತದ ವ್ಯತ್ಯಾಸ ಅಮಾವಾಸ್ಯೆ, ಹುಣ್ಣಿಮೆಗೆ ನಾಲ್ಕು ಮೀಟರ್ ದಾಟುತ್ತದೆ. ಗೋವಾದಲ್ಲಿ ಎರಡರ ಆಸುಪಾಸು. ಬಂದರಿನ ಆಚೆಗಿರುವ ಮಾಂಡ್ವಾ ಕಡೆ ನೋಡುವುದು ವಾಸಿ, ರೋ-ರೋ ದೋಣಿಯಲ್ಲಿ ಒಂದು ಗಂಟೆ ದಾರಿ.

ಪುಣೆಯನ್ನು ಒಳನಾಡು ಅಂತ ಸುಮ್ನೆ ತಳ್ಳಿಹಾಕಬೇಡಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಕಲಿತದ್ದು ಭೋಪಾಲದ ಕೆರೆಯಲ್ಲಿ. ಮುಳಶಿ, ಪಾನ್‌ಶೇತ್ ಹಿನ್ನೀರಿಗೆ ಮಳೆಗಾಲದಲ್ಲಿ ಘಟ್ಟದ ಸಂದಿಯಿಂದ ಪಶ್ಚಿಮದ ಗಾಳಿ ಚೆನ್ನಾಗಿ ಬರುತ್ತದೆ. ಆದರೆ ಗುಡ್ಡದ ನಡುವೆ ಅದು ದಿಕ್ಕು ಬದಲಿಸುತ್ತಲೇ ಇರುತ್ತದೆ, ಅನುಮತಿಯಿಲ್ಲದೆ ಅಣೆಕಟ್ಟಿನ ನೀರಿಗಿಳಿಯುವ ಹಾಗಿಲ್ಲ, ಸುತ್ತ ಸಹಾಯಕ್ಕೆ ಒಂದು ದೋಣಿಯೂ ಇರುವುದಿಲ್ಲ.

ಗೋವಾದಲ್ಲಿ ನನ್ನ ಆಯ್ಕೆ ಮಿರಾಮಾರ್‌ನಿಂದ ದೋನಾ ಪಾವ್ಲಾವರೆಗಿನ ದಂಡೆ. ಪಶ್ಚಿಮಕ್ಕೆ ಮುಖ, ವಾಯವ್ಯದ ಗಾಳಿ ಓರೆಯಾಗಿ ದಡದ ಕಡೆಗೇ ಬರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯೂ ಈ ಭಾಗದಲ್ಲೇ ಇದೆ. ಉತ್ತರದ ಮೋರ್ಜಿ, ಅಶ್ವೆ ತೆರೆದ ಸಮುದ್ರ, ಗಾಳಿ ಚೆನ್ನ, ಗಾಳಿಪಟ ಹಿಡಿದು ನೀರಿನ ಮೇಲೆ ಓಡುವ ಕೈಟ್‌ನವರು ಜಾಸ್ತಿ. ಮೋರ್ಜಿಯಲ್ಲಿ ಕಡಲಾಮೆ ಮೊಟ್ಟೆಯಿಡುವ ಜಾಗಕ್ಕೆ ಬೇಲಿ ಹಾಕಿರುತ್ತಾರೆ, ಅದರ ಹತ್ತಿರ ಸೇಲ್ ಹರಡಲೇಬೇಡಿ. ವಾಸ್ಕೋದಲ್ಲಿ ನಮ್ಮ ಕಡೆಯವರು ತುಂಬಾ ಇದ್ದಾರೆ, ಅಲ್ಲಿ ಮನೆ ಮಾಡುವ ಆಸೆ ನನಗೂ ಇತ್ತು. ಆದರೆ ಗಾಳಿ ಎದ್ದದ್ದು ನೋಡಿ ಹೊರಟರೆ, ಹೊಸ ಜುವಾರಿ ಸೇತುವೆ ಇದ್ದರೂ, ಇಲ್ಲಿಗೆ ಬಂದು ಸೇಲ್ ಕಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಹೋಗುತ್ತದೆ.

ಮನೆ ನೋಡುವಾಗ ಅಳತೆ ಟೇಪ್ ಒಯ್ಯಿರಿ. ನನ್ನ ಮೊದಲ ಮನೆ ಮೂರನೇ ಮಹಡಿ. ಸೇಲ್ ನಿಲ್ಲಿಸುವ ಕಂಬ, ಅಂದರೆ 430 ಸೆಂಟಿಮೀಟರ್ ಮಾಸ್ಟ್, ಎರಡು ತುಂಡಾಗುತ್ತದೆ, ಹೇಗೋ ಲಿಫ್ಟ್‌ನಲ್ಲಿ ಹೋಯಿತು. ಎರಡೂವರೆ ಮೀಟರ್ ಬೋರ್ಡ್ ಹೋಗಲಿಲ್ಲ, ಮೆಟ್ಟಿಲ ತಿರುವಿನಲ್ಲಿ ಮೂಗು ತಾಗಿ ಸೀಳಿತು. ನೆಲಮಹಡಿ, ಒಂದು ನಲ್ಲಿ, ನೆರಳಿನ ಗೋಡೆ, ಇಷ್ಟಿದ್ದರೆ ಅಡುಗೆಮನೆ ಚಿಕ್ಕದಾದರೂ ಒಪ್ಪಿಕೊಳ್ಳಿ. ನಲ್ಲಿ ಯಾಕೆಂದರೆ ದಿನಾ ಸಿಹಿನೀರಿನಲ್ಲಿ ತೊಳೆಯಬೇಕು. ಮಾಸ್ಟ್‌ನ ಎರಡು ತುಂಡು ಸೇರುವ ಕಡೆ ಒಂದು ಚಿಟಿಕೆ ಮರಳು ಕುಳಿತರೆ ಬಿಡಿಸಲು ಎರಡು ಜನ ಬೇಕು.

ಒಂದು ಎಚ್ಚರಿಕೆ. ಮೊದಲ ಏಪ್ರಿಲ್‌ನಲ್ಲಿ ಇನ್ನೊಂದು ಸುತ್ತು ಅಂತ ಆರು ಗಂಟೆಯಾದರೂ ನೀರಲ್ಲೇ ಇದ್ದೆ. ಗಾಳಿ ಪೂರ್ತಿ ನಿಂತಿತು, ಆಗಲೇ ಇಳಿತ ಶುರುವಾಗಿ ಮಾಂಡವಿ ನದಿಯ ನೀರು ಹೊರಗೆ ಎಳೆಯುತ್ತಿತ್ತು. ಸೇಲ್ ಸುತ್ತಿ, ಬೋರ್ಡ್ ಮೇಲೆ ಬೋರಲು ಮಲಗಿ, ಎರಡೂ ಕೈಯಲ್ಲಿ ನೀರು ತಳ್ಳಿದೆ. ದಡ ಹತ್ತಿರವಾಗಲೇ ಇಲ್ಲ. ಕೊನೆಗೆ ಬಲೆ ಎಳೆಯುತ್ತಿದ್ದ ಒಬ್ಬರು ಹಗ್ಗ ಎಸೆದರು. ಅಂದಿನಿಂದ ಇಳಿತದ ಸಮಯ ನೋಡದೆ ನಾನು ನೀರಿಗಿಳಿದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಗಾಳಿ ಜೋರು, ಆದರೆ ಅಲೆ ಅದಕ್ಕಿಂತ ಜೋರು. ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧದಲ್ಲಿರುತ್ತವೆ. ವರ್ಷಪೂರ್ತಿ ಆಡಬಹುದು ಅಂದುಕೊಂಡು ಬರಬೇಡಿ, ಫೆಬ್ರವರಿಯಿಂದ ಮೇ ನಿಜವಾದ ಸೀಸನ್. ಬರುವ ಮೊದಲು ಒಂದು ವಾರ ನವೆಂಬರ್‌ನಲ್ಲಿ, ಒಂದು ವಾರ ಏಪ್ರಿಲ್‌ನಲ್ಲಿ ಇಲ್ಲಿ ಕೋಣೆ ಹಿಡಿದು ಉಳಿಯಿರಿ. ಲ್ಯಾಪ್‌ಟಾಪ್ ತನ್ನಿ, ನಿಮ್ಮ ಮಾಮೂಲಿ ಕೆಲಸವನ್ನೇ ಮಾಡಿ, ಎಷ್ಟು ದಿನ ಮೂರು ಗಂಟೆಗೆ ನೀರಿನಲ್ಲಿದ್ದಿರಿ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿ.