ಚರ್ಚ್ ಜಿಮ್‌ನಲ್ಲಿ ಮಕ್ಕಳ ಚಿಯರ್ ತಂಡ: ಒಂದು ಸೀಸನ್ ನಡೆಸೋದು ಹೇಗೆ?

ಚಿಯರ್‌ಲೀಡರ್ ಅಂದ ಕೂಡಲೇ ನಮ್ಮೂರ ಜನಕ್ಕೆ ನೆನಪಾಗೋದು 2008ರ ಏಪ್ರಿಲ್. ಐಪಿಎಲ್‌ನ ಮೊಟ್ಟಮೊದಲ ಪಂದ್ಯಕ್ಕೆ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಿದ್ದರು. ಆಮೇಲೆ ಎಷ್ಟು ಚರ್ಚೆ ನಡೆಯಿತು ಅಂತ ನಿಮಗೇ ಗೊತ್ತು. ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಇದೆ. ಚಳಿಗಾಲದ ಶನಿವಾರ ಬೆಳಗ್ಗೆ ದಕ್ಷಿಣದ ರಾಜ್ಯಗಳಲ್ಲಿ ಯಾವುದಾದರೂ ದೊಡ್ಡ ಚರ್ಚ್‌ನ ಜಿಮ್‌ಗೆ ಹೋಗಿ ನೋಡಿ. ಪುಟ್ಟ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಿರುತ್ತಾರೆ, ಪಕ್ಕದಲ್ಲಿ ಆರೇಳು ವರ್ಷದ ಮಕ್ಕಳು ಪಾಂಪಾಮ್ (ಬಣ್ಣದ ಎಳೆಗಳ ಗೊಂಡೆ) ಹಿಡಿದು ಕೂಗುತ್ತಿರುತ್ತಾರೆ, ಹಾಫ್‌ಟೈಮ್ ಆದ ಕೂಡಲೇ ಯಾರೋ ಒಬ್ಬರು ಮೈಕ್ ಹಿಡಿದು ಬೈಬಲ್‌ನ ಒಂದು ಪುಟ್ಟ ಮಾತು ಹೇಳುತ್ತಾರೆ.

ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅಪ್‌ವರ್ಡ್ ಸ್ಪೋರ್ಟ್ಸ್. ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಕ್ಯಾಝ್ ಮೆಕ್ಯಾಸ್ಲಿನ್ ಅನ್ನುವವರು ತಮ್ಮ ಬ್ಯಾಪ್ಟಿಸ್ಟ್ ಚರ್ಚ್‌ನ ಜಿಮ್‌ನಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್ ಲೀಗ್ ಶುರು ಮಾಡಿದರು. 1995ರಲ್ಲಿ ಅದು ಲಾಭರಹಿತ ಸಂಸ್ಥೆಯಾಯಿತು. ಆಮೇಲೆ ಬೇರೆ ಬೇರೆ ರಾಜ್ಯಗಳ ಚರ್ಚ್‌ಗಳು ಇದೇ ಪದ್ಧತಿ ಹಿಡಿದವು. ವಾರಕ್ಕೆ ಒಂದು ಪ್ರಾಕ್ಟೀಸ್, ಒಂದು ಪಂದ್ಯ, ಅಷ್ಟೇ. ಭಾನುವಾರ ಬಿಡುವು. ಆಯ್ಕೆ ಪರೀಕ್ಷೆ ಮಾಡಿ ಮಕ್ಕಳನ್ನು ಹೊರಗೆ ಬಿಡುವ ಪದ್ಧತಿ ಇಲ್ಲ.

ಕೋಚ್‌ಗಳೆಲ್ಲ ಸ್ವಯಂಸೇವಕರು. ಅಲ್ಲಿರುವ ನಮ್ಮ ಕನ್ನಡದ ಮನೆಗಳಿಗೂ ‘ಈ ಸಲ ಚಿಯರ್ ತಂಡ ನೋಡಿಕೊಳ್ಳುತ್ತೀರಾ?’ ಅನ್ನುವ ಕೇಳಿಕೆ ಬರುತ್ತದೆ. ಮಗಳನ್ನು ಸೇರಿಸಿದ ತಪ್ಪಿಗೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಒಪ್ಪಿಕೊಳ್ಳಿ. ಚಿಯರ್ ಗೊತ್ತಿಲ್ಲದವರೂ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಕೇಳಿ, ಆಮೇಲೆ ಸೇರಿಸಿ

ಇದು ಧರ್ಮದ ಕಾರ್ಯಕ್ರಮ. ಅದನ್ನು ಯಾರೂ ಮುಚ್ಚಿಡುವುದಿಲ್ಲ. ಆಟದ ಮೂಲಕ ಯೇಸುವನ್ನು ಪರಿಚಯಿಸುವುದೇ ತಮ್ಮ ಉದ್ದೇಶ ಅಂತ ಅಪ್‌ವರ್ಡ್ ನೇರವಾಗಿ ಹೇಳಿಕೊಳ್ಳುತ್ತದೆ. ಪ್ರಾಕ್ಟೀಸ್ ಮಧ್ಯೆ ಐದಾರು ನಿಮಿಷ ಬೈಬಲ್ ಮಾತು ಇರುತ್ತದೆ, ಪಂದ್ಯಕ್ಕೆ ಮುಂಚೆ ಪ್ರಾರ್ಥನೆ ಇರುತ್ತದೆ, ಮಕ್ಕಳು ಕಲಿಯುವ ಒಂದೊಂದು ವಚನ ಇರುತ್ತದೆ. ನೀವು ಕ್ರೈಸ್ತರಾಗಿದ್ದರೆ ಇದು ಸಂಡೇ ಸ್ಕೂಲಿನ ಮುಂದುವರಿಕೆ. ಬೇರೆ ಧರ್ಮದ ಮನೆಯವರಾದರೆ ಹೆಸರು ಕೊಡುವ ಮುಂಚೆಯೇ ಲೀಗ್ ನಡೆಸುವವರ ಹತ್ತಿರ ಕೂತು ಮಾತಾಡಿ. ಪ್ರಾರ್ಥನೆಯಲ್ಲಿ ಮಗು ಸುಮ್ನೆ ನಿಂತರೆ ಸಾಕೇ, ವಚನ ಬಾಯಿಪಾಠ ಹೇಳಲೇಬೇಕೇ, ಇಂಥವನ್ನು ಕೇಳೋದರಲ್ಲಿ ಮುಜುಗರ ಬೇಡ. ಒಳ್ಳೆಯ ಚರ್ಚ್ ಇದಕ್ಕೆ ಬಿಡಿಸಿ ಉತ್ತರ ಕೊಡುತ್ತದೆ. ಹಾಗೆ ಉತ್ತರ ಸಿಕ್ಕಿದ ಮೇಲೆ ಮಗಳನ್ನು ಕಳಿಸಿದ ಹಿಂದೂ ಮನೆಗಳೂ ಇವೆ, ಬೇಡ ಅಂದವರೂ ಇದ್ದಾರೆ, ಎರಡೂ ಸರಿಯೇ.

ಶಾಲೆಯ ಚಿಯರ್ ತಂಡದ ಜೊತೆ ಇದನ್ನು ಬೆರೆಸಬೇಡಿ. ಸರ್ಕಾರಿ ಶಾಲೆಯಲ್ಲಿ ಧರ್ಮದ ಮಾತು ಬಂದರೆ ಲೆಕ್ಕವೇ ಬೇರೆ. ಟೆಕ್ಸಸ್‌ನ ಕೌಂಟ್ಸ್ ಅನ್ನುವ ಊರಿನ ಹೈಸ್ಕೂಲ್ ಚಿಯರ್‌ಲೀಡರ್‌ಗಳು 2012ರಲ್ಲಿ ಬೈಬಲ್ ವಚನ ಬರೆದ ಬ್ಯಾನರ್ ಹಿಡಿದಾಗ ಅದು ಕೋರ್ಟ್‌ಗೆ ಹೋಗಿ, ಮುಗಿಯುವಷ್ಟರಲ್ಲಿ 2018 ಆಗಿತ್ತು. ಕೊನೆಗೆ ಹುಡುಗಿಯರ ಪರವಾಗಿಯೇ ಆಯಿತು ಅನ್ನಿ. ಚರ್ಚ್ ತನ್ನ ಜಿಮ್‌ನಲ್ಲಿ ನಡೆಸುವ ತಂಡಕ್ಕೆ ಈ ತಲೆನೋವು ಇಲ್ಲ.

ಕಾಗದ ಪತ್ರದ ಕೆಲಸ

ಕೋಚ್ ಆಗಲು ನಿಮ್ಮ ಹಿನ್ನೆಲೆ ಪರಿಶೀಲನೆ ಮಾಡುತ್ತಾರೆ. ಅವಮಾನ ಅಂದುಕೊಳ್ಳಬೇಡಿ, ಮಾಡದಿದ್ದರೆ ನೀವೇ ಕೇಳಿ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಶೌಚಾಲಯಕ್ಕೆ ಕರೆದುಕೊಂಡು ಹೋಗುವಾಗಲೂ ಒಬ್ಬರೇ ಹೋಗಬಾರದು. ಪ್ರತಿ ಮಗುವಿನ ಅಲರ್ಜಿ, ಆಸ್ತಮಾ, ಕರೆದುಕೊಂಡು ಹೋಗಲು ಬರುವವರ ಹೆಸರು ಒಂದು ಹಾಳೆಯಲ್ಲಿ ಬರೆದು ಕೈಯಲ್ಲೇ ಇಟ್ಟುಕೊಳ್ಳಿ. ಫೋನ್‌ನಲ್ಲಿದೆ ಅಂತ ನೆಚ್ಚಬೇಡಿ, ಬ್ಯಾಟರಿ ಕೈಕೊಡುತ್ತದೆ.

ಬಟ್ಟೆ, ಬೂಟು, ಕಿವಿಯೋಲೆ

ಯೂನಿಫಾರ್ಮ್ ಲೀಗ್‌ನಿಂದಲೇ ಬರುತ್ತದೆ. ಸ್ಕರ್ಟ್, ಮೇಲಂಗಿ, ಒಂದು ಜೋಡಿ ಪಾಂಪಾಮ್. ಸ್ಕರ್ಟ್ ಬೇಡ ಅನ್ನಿಸಿದರೆ ಒಳಗೆ ಉದ್ದ ಲೆಗಿಂಗ್ಸ್ ಹಾಕಿಸಬಹುದೇ ಅಂತ ಕೇಳಿ. ಬೂಟು ಚಪ್ಪಟೆ ತಳದ, ಲೇಸ್ ಇರುವ ಯಾವುದಾದರೂ ಆದೀತು. ಶುಲ್ಕ ಕಟ್ಟಲು ಕಷ್ಟ ಇರುವ ಮನೆಗಳಿಗೆ ಹಲವು ಚರ್ಚ್‌ಗಳು ರಿಯಾಯಿತಿ ಕೊಡುತ್ತವೆ, ಅದನ್ನು ಅಪ್ಪ-ಅಮ್ಮನ ಹತ್ತಿರ ಮಾತ್ರ ಮೆಲ್ಲಗೆ ಹೇಳಿ, ಮಕ್ಕಳ ಮುಂದೆ ಬೇಡ.

ನಮ್ಮ ಮನೆಗಳಿಗೆ ಒಂದು ಮಾತು. ಕಿವಿಯೋಲೆ, ಬಳೆ, ಕಾಲ್ಗೆಜ್ಜೆ, ಕತ್ತಿನ ಸರ ಎಲ್ಲ ತೆಗೆಸಿಯೇ ಕಳಿಸಿ. ಪಕ್ಕದ ಮಗುವಿನ ಪಾಂಪಾಮ್ ಎಳೆ ಓಲೆಗೆ ಸಿಕ್ಕಿ ಎಳೆದರೆ ಕಿವಿ ಹರಿಯುತ್ತದೆ. ಈಗಷ್ಟೇ ಕಿವಿ ಚುಚ್ಚಿಸಿದ್ದರೆ ಸೀಸನ್ ಮುಗಿಯುವ ತನಕ ಕಾಯಬಹುದಿತ್ತಲ್ಲ ಅನ್ನಿಸುತ್ತದೆ, ಆದರೂ ಕೋಚ್‌ಗೆ ಮೊದಲೇ ಹೇಳಿಬಿಡಿ.

ಮೊದಲ ಪ್ರಾಕ್ಟೀಸ್: ಮುಷ್ಟಿಯಿಂದ ಶುರು

ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಹೊಸ ಕೋಚ್‌ಗಳು ಬಂದ ದಿನವೇ ಹಾಡು ಹಾಕಿ ಕುಣಿಸಲು ಹೋಗುತ್ತಾರೆ. ಬೇಡ. ಚಿಯರ್ ಇರೋದು ಕೈಯಲ್ಲಿ.

ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿ, ಗಿಡ್ಡ ಮಕ್ಕಳು ಮುಂದೆ. ಮುಷ್ಟಿ ಕಟ್ಟಲು ಹೇಳಿ. ಅರ್ಧ ಮಕ್ಕಳು ಹೆಬ್ಬೆರಳನ್ನು ಒಳಗೆ ಇಟ್ಟುಕೊಂಡಿರುತ್ತಾರೆ. ಒಬ್ಬೊಬ್ಬರ ಹತ್ತಿರ ಹೋಗಿ ಹೆಬ್ಬೆರಳು ಹೊರಗೆ ತೆಗೆಸಿ, ಬೆರಳುಗಳ ಮೇಲೆ ಅಡ್ಡ ಕೂರಿಸಿ. ಮಣಿಕಟ್ಟು ಬಾಗಬಾರದು. ಮೊಣಕೈಯಿಂದ ಮುಷ್ಟಿಯ ತನಕ ಒಂದೇ ಗೆರೆ ಇರಬೇಕು. ಈಗ ಎರಡೂ ಕೈ ಮೇಲಕ್ಕೆ, ಓರೆಯಾಗಿ. ಇದು ಹೈ ವಿ. ಇಲ್ಲಿ ಎಲ್ಲ ಮಕ್ಕಳೂ ಕೈಯನ್ನು ಕಿವಿಯ ಹಿಂದಕ್ಕೆ ಒಯ್ಯುತ್ತಾರೆ. ‘ತಲೆ ತಿರುಗಿಸದೆ, ಕಣ್ಣಂಚಿನಲ್ಲೇ ನಿನ್ನ ಎರಡೂ ಮುಷ್ಟಿ ಕಾಣಿಸ್ತಿದೆಯಾ?’ ಅಂತ ಕೇಳಿ. ಕಾಣಿಸಲಿಲ್ಲ ಅಂದರೆ ಕೈ ಹಿಂದೆ ಹೋಗಿದೆ ಅಂತ ಅರ್ಥ. ಈ ಒಂದು ಪ್ರಶ್ನೆ ಕಲಿಸುವಷ್ಟನ್ನು ಹತ್ತು ಸಲ ಕೈ ತಿದ್ದಿದರೂ ಕಲಿಸಲಾಗುವುದಿಲ್ಲ.

ಅದಾದ ಮೇಲೆ ಕೈ ಓರೆಯಾಗಿ ಕೆಳಕ್ಕೆ ಚಾಚುವ ಲೋ ವಿ, ಕೈ ಎರಡೂ ಪಕ್ಕಕ್ಕೆ ಚಾಚುವ ಟಿ, ಎರಡೂ ಕೈ ನೇರ ಮೇಲಕ್ಕೆ ಎತ್ತುವ ಟಚ್‌ಡೌನ್, ಸೊಂಟದ ಮೇಲೆ ಮುಷ್ಟಿ. ಮೊದಲ ದಿನಕ್ಕೆ ಇಷ್ಟು ಸಾಕು. ಎಣಿಕೆ ಎಂಟರ ಲೆಕ್ಕ. ನೀವು ‘ಫೈವ್, ಸಿಕ್ಸ್, ಸೆವೆನ್, ಎಯ್ಟ್’ ಅಂದರೆ ಶುರು. ಕೋಲಾಟ ಆಡಿದವರಿಗೆ ಇದು ಕೈಗೆ ಬೇಗ ಹತ್ತುತ್ತದೆ, ಅಲ್ಲೂ ಎಣಿಕೆ ತಪ್ಪಿದರೆ ಪಕ್ಕದವಳ ಕೈಗೆ ಪೆಟ್ಟು. ತಂಡದಲ್ಲಿ ಒಬ್ಬಳು ‘ರೆಡಿ?’ ಅಂದರೆ ಉಳಿದವರೆಲ್ಲ ‘ಓಕೆ!’ ಅನ್ನಬೇಕು. ಈ ‘ರೆಡಿ’ ಹೇಳುವ ಸರದಿ ಪ್ರತಿ ವಾರ ಬೇರೆ ಮಗುವಿಗೆ ಹೋಗಲಿ. ಜೋರು ಬಾಯಿಯ ಮಗುವಿಗೇ ಪ್ರತಿ ಸಲ ಕೊಟ್ಟರೆ ಮೆತ್ತಗಿನ ಮಗು ಇಡೀ ಸೀಸನ್ ಹಿಂದಿನ ಸಾಲಿನಲ್ಲೇ ಉಳಿದುಬಿಡುತ್ತದೆ. ಆಯ್ಕೆ ಪರೀಕ್ಷೆ ಇಲ್ಲ ಅಂತ ಹೇಳಿ ಸೇರಿಸಿಕೊಂಡ ಮೇಲೆ, ಒಳಗೊಳಗೇ ಇನ್ನೊಂದು ಆಯ್ಕೆ ಮಾಡಬಾರದು. ನನಗೆ ಈ ಕಾರ್ಯಕ್ರಮದಲ್ಲಿ ತುಂಬಾ ಇಷ್ಟವಾಗುವುದೇ ಇದು, ಇದನ್ನು ಉಳಿಸಿಕೊಳ್ಳೋದು ಪೂರ್ತಿ ಕೋಚ್ ಕೈಯಲ್ಲಿದೆ.

ದನಿ ಹೊಟ್ಟೆಯಿಂದ ಬರಲಿ. ಕೀರಲು ದನಿಯಲ್ಲಿ ಕಿರುಚಿದರೆ ಎರಡನೇ ಪಂದ್ಯಕ್ಕೆ ಗಂಟಲು ಕಟ್ಟುತ್ತದೆ. ದಪ್ಪ ದನಿಯಲ್ಲಿ, ಒಂದೊಂದು ಪದ ಬಿಡಿಸಿ ಕೂಗಲು ಹೇಳಿಕೊಡಿ.

ಒಂದು ಗಂಟೆಯನ್ನು ಹೀಗೆ ಹಂಚಿ

ಮೈ ಬಿಸಿ ಮಾಡಲು ಹತ್ತು ನಿಮಿಷ. ಹಳೆಯದನ್ನು ನೆನಪಿಸಲು ಹತ್ತು. ಹೊಸ ಚಾಂಟ್, ಅಂದರೆ ತಾಳಕ್ಕೆ ಸರಿಯಾಗಿ ಕೂಗುವ ಪುಟ್ಟ ಘೋಷಣೆ, ಒಂದೋ ಎರಡೋ, ಹದಿನೈದು ನಿಮಿಷ. ಆಗ ಮಕ್ಕಳು ದಣಿದಿರುತ್ತಾರೆ, ನೀರು ಕುಡಿಸಿ ವೃತ್ತದಲ್ಲಿ ಕೂರಿಸಿ. ಬೈಬಲ್ ಮಾತಿಗೆ ಇದೇ ಸರಿಯಾದ ಹೊತ್ತು. ಕೊನೆಗೆ ಇಟ್ಟರೆ ಮಕ್ಕಳ ಕಣ್ಣು ಬಾಗಿಲ ಕಡೆ ಇರುತ್ತದೆ. ಉಳಿದದ್ದು ನೆಗೆತಕ್ಕೆ ಮತ್ತು ಹಾಫ್‌ಟೈಮ್ ಕುಣಿತಕ್ಕೆ.

ಆ ಐದಾರು ನಿಮಿಷವನ್ನು ಪ್ರವಚನ ಮಾಡಬೇಡಿ. ಯೆಹೋಶುವ 1:9ರಲ್ಲಿ ಧೈರ್ಯವಾಗಿರು, ಹೆದರಬೇಡ ಅನ್ನುವ ಮಾತಿದೆ. ‘ಈ ವಾರ ನಿಮಗೆ ಹೆದರಿಕೆ ಆದದ್ದು ಯಾವಾಗ?’ ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂರಿ. ಒಬ್ಬಳು ಕತ್ತಲೆ ಅನ್ನುತ್ತಾಳೆ, ಇನ್ನೊಬ್ಬಳು ಶಾಲೆ ಬಸ್ಸಿನಲ್ಲಿ ಯಾರೂ ಪಕ್ಕ ಕೂರಿಸಿಕೊಳ್ಳಲಿಲ್ಲ ಅನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳೋದೇ ಅವತ್ತಿನ ಕೆಲಸ. ಹೇಳಲು ಇಷ್ಟವಿಲ್ಲದ ಮಗುವನ್ನು ಒತ್ತಾಯ ಮಾಡಬೇಡಿ. ಯಾರಾದರೂ ಹೇಳಿದ್ದು ನಿಜವಾಗಿಯೂ ಚಿಂತೆ ಹುಟ್ಟಿಸುವಂತಿದ್ದರೆ, ಅಂದರೆ ಮನೆಯಲ್ಲಿ ಹೊಡೆತ, ಬೇಡದ ಮುಟ್ಟುವಿಕೆ ಇಂಥದ್ದು, ಅವತ್ತೇ ಲೀಗ್ ನಿರ್ದೇಶಕರಿಗೆ ತಿಳಿಸಿ. ಅವರು ಏನು ಮಾಡುತ್ತಾರೆ ಅಂತ ಕಾಯದೆ ಮಕ್ಕಳ ರಕ್ಷಣಾ ಇಲಾಖೆಗೂ ನೀವೇ ಫೋನ್ ಮಾಡಿ. ಪ್ರಾರ್ಥನೆ ಮಾಡಿ ಸುಮ್ಮನಾಗೋ ವಿಷಯ ಅಲ್ಲ ಅದು.

ಮಕ್ಕಳನ್ನು ಎತ್ತಬೇಡಿ

ಟೀವಿಯಲ್ಲಿ ನೋಡುವ ಹಾಗೆ ಒಬ್ಬರ ಮೇಲೊಬ್ಬರು ಹತ್ತುವುದು, ಗಾಳಿಗೆ ಎಸೆಯುವುದು, ಇದನ್ನು ಸ್ಟಂಟ್ ಅನ್ನುತ್ತಾರೆ. ಆರನೇ ತರಗತಿ ಒಳಗಿನ ಮಕ್ಕಳಿಗೆ, ಅದರಲ್ಲೂ ಮರದ ನೆಲದ ಮೇಲೆ, ಬೇಡವೇ ಬೇಡ. ಅಮೆರಿಕದಲ್ಲಿ ಹೈಸ್ಕೂಲ್ ಹುಡುಗಿಯರ ಆಟಗಳಲ್ಲಿ ಆದ ತೀವ್ರ ಗಾಯಗಳನ್ನು ವರ್ಷಗಟ್ಟಲೆ ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಜಾಸ್ತಿ ಚಿಯರ್‌ನಲ್ಲೇ ಆಗಿದ್ದವು. ತಲೆಗೆ, ಕತ್ತಿಗೆ ಬಿದ್ದ ಪೆಟ್ಟುಗಳು. ಅದಕ್ಕೇ 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಚಿಯರನ್ನೂ ಆಟ ಅಂತಲೇ ಪರಿಗಣಿಸಿ ಉಳಿದ ಆಟಗಳಿಗೆ ಕೊಡುವ ತರಬೇತಿ, ವೈದ್ಯಕೀಯ ಕಾಳಜಿ ಇದಕ್ಕೂ ಕೊಡಿ ಅಂತ ಹೇಳಿತು. ‘ಪಕ್ಕದ ಚರ್ಚ್‌ನವರು ಪಿರಮಿಡ್ ಮಾಡಿದ್ದಾರೆ’ ಅಂತ ಯಾವ ಅಪ್ಪ-ಅಮ್ಮ ಬಂದು ಹೇಳಿದರೂ ಬಗ್ಗಬೇಡಿ.

ನೆಗೆತ ಮಾತ್ರ ಧಾರಾಳವಾಗಿ ಮಾಡಿಸಿ. ಮಂಡಿ ಎದೆಗೆ ತರುವ ಟಕ್ ಮೊದಲು, ಕೈಕಾಲು ಅಗಲಿಸುವ ಸ್ಪ್ರೆಡ್ ಈಗಲ್ ಆಮೇಲೆ. ದೊಡ್ಡ ಮಕ್ಕಳು ಹರ್ಕಿ ಕೇಳುತ್ತಾರೆ, ಒಂದು ಕಾಲು ಪಕ್ಕಕ್ಕೆ ನೇರ, ಇನ್ನೊಂದು ಮಡಿಸಿ. ಟೆಕ್ಸಸ್‌ನ ಲಾರೆನ್ಸ್ ಹರ್ಕಿಮರ್ ಹೆಸರಿನಿಂದ ಬಂದದ್ದು ಅದು. 1948ರಲ್ಲಿ ರಾಷ್ಟ್ರೀಯ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಕಟ್ಟಿದವರೂ ಅವರೇ. ಇಳಿಯುವಾಗ ಎರಡೂ ಕಾಲು ಒಟ್ಟಿಗೆ, ಮಂಡಿ ಸ್ವಲ್ಪ ಬಾಗಿಸಿ. ತಲೆಗೆ ಏಟು ಬಿದ್ದರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು, ಮಗು ಎಷ್ಟೇ ‘ಏನೂ ಆಗಿಲ್ಲ’ ಅಂದರೂ.

ಹುಡುಗರು ಬಂದರೆ? ಸೇರಿಸಿಕೊಳ್ಳಿ. 1898ರ ನವೆಂಬರ್ 2ರಂದು ಮಿನೆಸೋಟಾ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಜನರನ್ನು ಕೂಗಿಸಿದ ಮೊದಲ ಚಿಯರ್‌ಲೀಡರ್ ಜಾನಿ ಕ್ಯಾಂಪ್‌ಬೆಲ್ ಒಬ್ಬ ಹುಡುಗನೇ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ.

ಪಂದ್ಯದ ದಿನ

ತಂಡವನ್ನು ಬೇಸ್‌ಲೈನ್‌ನಿಂದ (ಬುಟ್ಟಿಯ ಹಿಂದಿನ ಅಂಗಣದ ಗೆರೆ) ಸಾಕಷ್ಟು ಹಿಂದೆ ನಿಲ್ಲಿಸಿ. ಚೆಂಡು ಸೀದಾ ಮುಖಕ್ಕೆ ಬರುತ್ತದೆ, ಆಡುವ ಮಕ್ಕಳೂ ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ. ಪಾಂಪಾಮ್ ನೆಲದ ಮೇಲೆ ಬಿಡಬಾರದು, ಯಾರಾದರೂ ಜಾರಿ ಬೀಳುತ್ತಾರೆ.

ಚೆಂಡು ಯಾರ ಕೈಯಲ್ಲಿದೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ನಮ್ಮವರು ಬುಟ್ಟಿ ಕಡೆ ನುಗ್ಗುತ್ತಿರುವಾಗ ಇವರು ‘ಡಿಫೆನ್ಸ್’ ಅಂತ ಕೂಗುತ್ತಿರುತ್ತಾರೆ. ಅದಕ್ಕೆ ನೀವು ತಂಡದ ಎದುರು ಕೂತು ಚಾಂಟ್‌ನ ಹೆಸರು ಹೇಳುತ್ತಿರಿ. ಆಟ ನಡೆಯುವಾಗ ಚಿಕ್ಕ ಚಾಂಟ್, ಟೈಮ್‌ಔಟ್‌ನಲ್ಲಿ ಸ್ವಲ್ಪ ಉದ್ದದ್ದು. ಎದುರು ತಂಡದ ಮಗು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಎಸೆತ, ಎಸೆಯುವಾಗ ಪೂರ್ತಿ ಮೌನ. ಅದು ತಪ್ಪಿದರೆ ಖುಷಿ ಪಡಬಾರದು ಅಂತ ಮೊದಲೇ ಹೇಳಿರಿ. ಯಾರಾದರೂ ಬಿದ್ದು ಆಟ ನಿಂತರೆ ಎಲ್ಲರೂ ಒಂದು ಮಂಡಿ ಊರಿ ಕೂರುತ್ತಾರೆ, ಆ ಮಗು ಎದ್ದಾಗ ಚಪ್ಪಾಳೆ. ಅದು ಯಾವ ತಂಡದ ಮಗು ಅಂತ ನೋಡೋದಿಲ್ಲ. ಸೋಲುತ್ತಿರುವ ತಂಡದ ಅಜ್ಜಿ-ತಾತ ಕೂಡ ಆಗ ಈ ಮಕ್ಕಳ ಕಡೆ ತಿರುಗಿ ನೋಡುತ್ತಾರೆ.

ಆಟ ಮುಗಿದ ಮೇಲೆ ಪ್ರತಿ ಮಗುವಿಗೂ ಒಂದು ಸ್ಟಾರ್ ಸ್ಟಿಕ್ಕರ್ ಕೊಡಿ. ಯಾಕೆ ಕೊಡುತ್ತಿದ್ದೀರಿ ಅಂತ ಹೆಸರು ಹಿಡಿದು ಹೇಳಿ. ‘ಚೆನ್ನಾಗಿ ಮಾಡಿದೆ’ ಅಂದರೆ ಸಾಲದು. ‘ಇವತ್ತು ಹೊಸ ಹುಡುಗಿಗೆ ಹೆಜ್ಜೆ ಮರೆತಾಗ ನೀನು ಮೆಲ್ಲಗೆ ತೋರಿಸಿದೆಯಲ್ಲ, ಅದಕ್ಕೆ’ ಅನ್ನಿ. ಇದಕ್ಕಾಗಿ ಪಂದ್ಯದ ಉದ್ದಕ್ಕೂ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿರಬೇಕು, ಇಲ್ಲದಿದ್ದರೆ ಕೊನೆಗೆ ಏನೂ ನೆನಪಿಗೆ ಬರುವುದಿಲ್ಲ.

ಅಪ್ಪ-ಅಮ್ಮಂದಿರನ್ನು ಕೂರಿಸಿಬಿಡಬೇಡಿ

ಒಬ್ಬರು ತಿಂಡಿ, ಒಬ್ಬರು ಜಡೆ ಹೆಣೆಯುವುದು, ಒಬ್ಬರು ಹಾಡಿನ ಸ್ಪೀಕರ್. ತಿಂಡಿಯಲ್ಲಿ ಕಡಲೆಕಾಯಿ ಇದೆಯಾ ಅಂತ ಅಲರ್ಜಿ ಹಾಳೆ ನೋಡಿ ಹೇಳಿ. ಮೊಟ್ಟೆ ತಿನ್ನದ ಮನೆಗಳಿದ್ದರೆ ಅದನ್ನೂ ಬರೆದುಕೊಳ್ಳಿ. ಸೀಸನ್ ಕೊನೆಯ ಸಮಾರಂಭಕ್ಕೆ ಆರನೇ ತರಗತಿ ಮುಗಿಸುವ ಮಕ್ಕಳನ್ನು ಪಕ್ಕಕ್ಕೆ ಕರೆದು, ಮುಂದಿನ ವರ್ಷ ಪುಟ್ಟ ಮಕ್ಕಳಿಗೆ ಕಲಿಸಲು ಸಹಾಯಕ್ಕೆ ಬರುತ್ತೀರಾ ಅಂತ ಕೇಳಿ. ಅವತ್ತೇ ಕೇಳಿ. ಬೇಸಿಗೆ ರಜೆ ಕಳೆದ ಮೇಲೆ ಫೋನ್ ಮಾಡಿದರೆ ಅವರು ಅಷ್ಟರಲ್ಲಿ ಬೇರೆ ಯಾವುದಕ್ಕೋ ಸೇರಿಕೊಂಡಿರುತ್ತಾರೆ.